ಪುರಸಭೆಯಲ್ಲಿ ಜನನ-ಮರಣ ಪತ್ರ, ಖಾತಾ, ಉದ್ದಿಮೆ ಪರವಾನಗಿ: ಯಾವುದು ಮೊದಲು, ಯಾವುದು ಆಮೇಲೆ

ಪುರಸಭೆಗೆ ಕೊಟ್ಟ ಅರ್ಜಿ ವಾಪಸ್ ಬರುವುದಕ್ಕೆ ಹೆಚ್ಚಾಗಿ ಮೂರು ಕಾರಣ. ಹೋಗಬೇಕಾದ ಕಚೇರಿಯೇ ಬೇರೆ ಇರುತ್ತದೆ, ಇಲ್ಲವೇ ಕಾಗದದಿಂದ ಕಾಗದಕ್ಕೆ ಹೆಸರು ಬೇರೆಯಾಗಿರುತ್ತದೆ, ಅದೂ ಅಲ್ಲದಿದ್ದರೆ ಮೊದಲು ಮುಗಿಯಬೇಕಾದ ಕೆಲಸ ಮುಗಿಯದೆ ಮುಂದಿನದಕ್ಕೆ ಅರ್ಜಿ ಬಿದ್ದಿರುತ್ತದೆ. ಸುಮ್ಮನೆ ಸತಾಯಿಸುವವರೂ ಇದ್ದಾರೆ. ಆದರೆ ಅವರ ಕೈಗೆ ನೆಪ ಸಿಗುವುದು ಈ ಮೂರರಿಂದಲೇ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ನೋಡಿ. ಇಲ್ಲಿ ಹೇಳಿರುವುದು ಕರ್ನಾಟಕದ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ ಅನ್ವಯ. ಖಾತಾ, ಪರವಾನಗಿ ವಿಷಯದಲ್ಲಿ ಬೆಂಗಳೂರಿನ ವ್ಯವಸ್ಥೆ ಬೇರೆ.

ಹಂತ 1: ಇದು ಪುರಸಭೆಯ ಕೆಲಸವೇ ಎಂದು ಖಚಿತಪಡಿಸಿಕೊಳ್ಳಿ

ಪುರಸಭೆಯಲ್ಲಿ ಸಿಗುವುದು: ಊರಿನ ಮಿತಿಯೊಳಗೆ ಆದ ಜನನ, ಮರಣದ ಪ್ರಮಾಣಪತ್ರ, ಆಸ್ತಿ ತೆರಿಗೆ ಮತ್ತು ಖಾತಾ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ನೀರು, ಒಳಚರಂಡಿ ಸಂಪರ್ಕ.

ಸಿಗದೇ ಇರುವ ಪಟ್ಟಿ ಇದಕ್ಕಿಂತ ಉಪಯುಕ್ತ. ವಿವಾಹ ನೋಂದಣಿ, ಋಣಭಾರ ಪತ್ರ (ಇಸಿ), ಕ್ರಯಪತ್ರದ ನಕಲು ಬೇಕಿದ್ದರೆ ಉಪನೋಂದಣಿ ಕಚೇರಿಗೆ ಹೋಗಬೇಕು. ಜಾತಿ, ಆದಾಯ, ವಾಸಸ್ಥಳ, ವಂಶವೃಕ್ಷ ಇವೆಲ್ಲ ನಾಡಕಚೇರಿಯವು. ಪಹಣಿ ಕಂದಾಯ ಇಲಾಖೆಯದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡುವುದು ಕಾರ್ಮಿಕ ಇಲಾಖೆ. ಹೋಟೆಲು, ಬೇಕರಿಗೆ ಬೇಕಾದ ಆಹಾರ ಸುರಕ್ಷತಾ ಪರವಾನಗಿಯೂ ಬೇರೆಯೇ. ಅದು ಇದೆಯೆಂದು ಪುರಸಭೆಯ ಉದ್ದಿಮೆ ಪರವಾನಗಿ ಬಿಡುವಂತಿಲ್ಲ, ಇದು ಇದೆಯೆಂದು ಅದನ್ನು ಬಿಡುವಂತಿಲ್ಲ.

ಅತಿ ಹೆಚ್ಚು ಜನ ಎಡವುವುದು ಜನನ ಪತ್ರದ ವಿಷಯದಲ್ಲಿ. ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ತಂದೆ ತಾಯಿ ವಾಸವಿರುವ ಊರಿನಲ್ಲಿ ಅಲ್ಲ. ಹರಿಹರದವರ ಮಗು ದಾವಣಗೆರೆಯ ಆಸ್ಪತ್ರೆಯಲ್ಲಿ ಹುಟ್ಟಿದರೆ ಹರಿಹರ ನಗರಸಭೆಯಲ್ಲಿ ಎಷ್ಟು ಹುಡುಕಿದರೂ ಸಿಗದು. ಮರಣಕ್ಕೂ ಇದೇ ನಿಯಮ: ಊರಿಗೆ ತಂದು ಮಣ್ಣು ಮಾಡಿದ್ದರೂ ಪ್ರಾಣ ಹೋದ ಆಸ್ಪತ್ರೆ ಇರುವ ಊರಿನಲ್ಲೇ ದಾಖಲೆ. ಚಲಿಸುವ ವಾಹನದಲ್ಲಿ ಹೆರಿಗೆಯಾದರೆ ವಾಹನ ಮೊದಲು ನಿಂತ ಜಾಗವೇ ಲೆಕ್ಕಕ್ಕೆ. ಹಳ್ಳಿ ಮನೆಯಲ್ಲಿ ಆಗಿದ್ದರೆ ಗ್ರಾಮ ಮಟ್ಟದ ನೋಂದಣಾಧಿಕಾರಿಯ ಬಳಿ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದ್ದರೆ ಮೊದಲು ಆ ಆಸ್ಪತ್ರೆಯಲ್ಲೇ ಕೇಳಿ. ಎಷ್ಟೋ ಕಡೆ ಪ್ರಮಾಣಪತ್ರವನ್ನು ಅಲ್ಲೇ ಕೊಡುತ್ತಾರೆ.

ಕಟ್ಟಡದ ಒಳಗೂ ಸರಿಯಾದ ಮೇಜು ಗೊತ್ತಿರಬೇಕು. ಜನನ, ಮರಣ, ಉದ್ದಿಮೆ ಪರವಾನಗಿಯನ್ನು ನೋಡುವುದು ಆರೋಗ್ಯ ಶಾಖೆ. ಸಾಮಾನ್ಯವಾಗಿ ಆರೋಗ್ಯ ನಿರೀಕ್ಷಕರೇ ನೋಂದಣಾಧಿಕಾರಿ. ತೆರಿಗೆ, ಖಾತಾ ಕಂದಾಯ ಶಾಖೆಯಲ್ಲಿ, ಕಟ್ಟಡದ ನಕ್ಷೆ ಇಂಜಿನಿಯರಿಂಗ್ ಶಾಖೆಯಲ್ಲಿ. ಪಟ್ಟಣ ಪಂಚಾಯಿತಿ, ಪುರಸಭೆಗೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು ಮುಖ್ಯಸ್ಥರು. ಅರ್ಜಿಯ ತಲೆಬರಹದಲ್ಲಿ ಈ ಹುದ್ದೆಯ ಹೆಸರು ತಪ್ಪಬಾರದು.

ಹಂತ 2: ಹೆಸರುಗಳನ್ನು ತಾಳೆ ನೋಡಿ

ಬರೆದ ಅರ್ಜಿ ಕೊಡುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ನಿಮ್ಮಲ್ಲಿರುವ ಕಾಗದಗಳು: ಆಧಾರ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಶಾಲಾ ದಾಖಲೆ, ಕ್ರಯಪತ್ರ, ತೆರಿಗೆ ರಸೀದಿ. ಉದ್ದಕ್ಕೆ ಹೆಸರು, ತಂದೆ ಅಥವಾ ಗಂಡನ ಹೆಸರು, ಇನಿಷಿಯಲ್, ದಿನಾಂಕ, ವಿಳಾಸ. ಪ್ರತಿ ಚೌಕದಲ್ಲೂ ಆ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ, ನಿಮಗೆ ಸರಿ ಎನಿಸಿದ್ದನ್ನಲ್ಲ.

ಸಾಮಾನ್ಯವಾಗಿ ಸಿಗುವ ಚಿತ್ರ ಹೀಗಿರುತ್ತದೆ. ಆಸ್ಪತ್ರೆಯಲ್ಲಿ ತಾಯಿಯ ಹೆಸರು ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮಿ ಎಂ’, ಶಾಲೆಯಲ್ಲಿ ‘ಎಂ. ಲಕ್ಷ್ಮೀದೇವಿ’. ಮನೆಯವರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಇನಿಷಿಯಲ್ ಹಿಂದೆ ಮುಂದೆ ಆಗುವುದು, ಕನ್ನಡದಲ್ಲಿ ಸರಿಯಿದ್ದು ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚಾಗುವುದು, ತವರಿನ ವಿಳಾಸವೇ ಉಳಿದಿರುವುದು ಇವೂ ದಿನವೂ ಕಾಣುವ ತೊಡಕುಗಳೇ.

ಇನ್ನೂ ನೋಂದಣಿಯೇ ಆಗಿಲ್ಲದಿದ್ದರೆ ಮೊದಲು ಆಧಾರ್ ಸರಿಪಡಿಸಿ, ಆಮೇಲೆ ವರದಿ ನಮೂನೆ ತುಂಬಿ. ಆದರೆ ಗಡುವು ಹತ್ತಿರವಿದ್ದರೆ ಆಧಾರ್ ಬರಲಿ ಎಂದು ಕಾಯಬೇಡಿ. ಗಡುವಿನೊಳಗೆ ನೋಂದಾಯಿಸಿ ಆಮೇಲೆ ತಿದ್ದಿಸುವುದು, ತಡವಾಗಿ ನೋಂದಾಯಿಸುವುದಕ್ಕಿಂತ ಸುಲಭ.

ಮೂಲ ಪ್ರತಿಗಳು ತೋರಿಸಲು ಮಾತ್ರ, ಕೊಡಲು ಅಲ್ಲ. ಪ್ರತಿ ಕಾಗದದ ಎರಡು ಜೆರಾಕ್ಸ್ ಇಟ್ಟುಕೊಳ್ಳಿ, ಎಲ್ಲಕ್ಕೂ ಸ್ವಂತ ಸಹಿ ಹಾಕಿ.

ಹಂತ 3: ಅರ್ಜಿ ಒಳಗೆ ಹೋಗಲಿ, ನಂಬರು ಹೊರಗೆ ಬರಲಿ

ಕೇಸ್ ವರ್ಕರ್ ಮೇಜಿನ ಮೇಲೆ ಇಟ್ಟು ಬಂದ ಅರ್ಜಿ ಲೆಕ್ಕಕ್ಕಿಲ್ಲ. ಸಕಾಲ (ನಿಗದಿತ ದಿನಗಳೊಳಗೆ ಸೇವೆ ಕೊಡಲೇಬೇಕೆನ್ನುವ ರಾಜ್ಯದ ಕಾಯ್ದೆ) ವ್ಯಾಪ್ತಿಗೆ ಬರುವ ಸೇವೆಯಾದರೆ ಅರ್ಜಿ ಪಡೆದ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಉಳಿದ ಅರ್ಜಿಗಳನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಈ ಒಂದು ಸಂಖ್ಯೆ ಇಲ್ಲದಿದ್ದರೆ ಮುಂದೆ ಮೇಲ್ಮನವಿಯೂ ಇಲ್ಲ, ದೂರೂ ಇಲ್ಲ. ‘ನಿಮ್ಮ ಅರ್ಜಿಯೇ ಬಂದಿಲ್ಲ’ ಎಂದರೆ ತೋರಿಸಲು ಏನೂ ಇರುವುದಿಲ್ಲ.

ಎಚ್ಚರಿಕೆಯ ಗಂಟೆ ಬಾರಿಸಬೇಕಾದ ಮಾತುಗಳು: ‘ಫೈಲು ನನ್ನ ಹತ್ತಿರ ಇರಲಿ, ಆಮೇಲೆ ಎಂಟ್ರಿ ಮಾಡೋಣ’, ‘ಮೂಲ ಕ್ರಯಪತ್ರ ಬಿಟ್ಟು ಹೋಗಿ’, ‘ಶುಲ್ಕ ಇಲ್ಲೇ ಕೊಡಿ, ರಸೀದಿ ನಾಳೆ’. ಶುಲ್ಕ ಕಟ್ಟುವುದು ಕೌಂಟರಿನಲ್ಲಿ, ಆನ್‌ಲೈನಿನಲ್ಲಿ ಅಥವಾ ಬ್ಯಾಂಕ್ ಚಲನ್ ಮೂಲಕ. ರಸೀದಿ ಬಾರದ ಹಣ ಶುಲ್ಕವಲ್ಲ.

ಹಂತ 4: ಜನನ, ಮರಣ ನೋಂದಣಿಯ ಗಡುವುಗಳು

ಇದಕ್ಕೆ ಆಧಾರ 1969ರ ಜನನ ಮರಣ ನೋಂದಣಿ ಕಾಯ್ದೆ. 2023ರಲ್ಲಿ ಆದ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂದಿನಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಇತ್ಯಾದಿಗಳಲ್ಲಿ ಹುಟ್ಟಿದ ದಿನಾಂಕಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಪುರಾವೆ. ಶಾಲಾ ದಾಖಲೆಯಲ್ಲಿ ನೋಡಿಕೊಳ್ಳೋಣ ಎನ್ನುವ ಹಳೆಯ ದಾರಿ ಈ ಮಕ್ಕಳಿಗೆ ಮುಚ್ಚಿದೆ.

ಗಡುವಿಗೆ ತಕ್ಕಂತೆ ದಾರಿ ಬದಲಾಗುತ್ತದೆ.

21 ದಿನಗಳೊಳಗೆ: ಆಸ್ಪತ್ರೆಯಲ್ಲಾಗಿದ್ದರೆ ವರದಿ ಮಾಡುವುದು ಆಸ್ಪತ್ರೆಯ ಕರ್ತವ್ಯ, ಮನೆಯಲ್ಲಾಗಿದ್ದರೆ ಮನೆಯ ಯಜಮಾನರದು. ಜನನಕ್ಕೆ ನಮೂನೆ 1, ಮರಣಕ್ಕೆ ನಮೂನೆ 2. ಮೊದಲ ಪ್ರತಿ ಉಚಿತ. ಡಿಸ್ಚಾರ್ಜ್ ಆಗುವ ದಿನ ಆಸ್ಪತ್ರೆ ತುಂಬಿದ ನಮೂನೆಯನ್ನು ಕೇಳಿ ಓದಿ. ಮುಂದೆ ಎದುರಾಗುವ ತಿದ್ದುಪಡಿ ಅರ್ಜಿಗಳಲ್ಲಿ ದೊಡ್ಡ ಪಾಲನ್ನು ಈ ಐದು ನಿಮಿಷದಲ್ಲೇ ತಪ್ಪಿಸಬಹುದು. ದಾಖಲಾತಿ ಸಮಯದಲ್ಲಿ ಯಾರೋ ಸಂಬಂಧಿಕರು ಬಾಯಲ್ಲಿ ಹೇಳಿದ ಹೆಸರೇ ಅಲ್ಲಿ ಕೂತಿರುತ್ತದೆ.

21ರಿಂದ 30 ದಿನ: ವಿಳಂಬ ಶುಲ್ಕ ಕಟ್ಟಿದರೆ ನೋಂದಣಾಧಿಕಾರಿಯೇ ನೋಂದಾಯಿಸುತ್ತಾರೆ.

30 ದಿನದಿಂದ ಒಂದು ವರ್ಷ: ನಿಗದಿತ ಮೇಲಧಿಕಾರಿಯ ಲಿಖಿತ ಅನುಮತಿ, ಘೋಷಣೆ, ಶುಲ್ಕ ಮೂರೂ ಬೇಕು. ಆ ಅಧಿಕಾರಿ ಯಾರೆಂದು ಆರೋಗ್ಯ ಶಾಖೆಯಲ್ಲೇ ಕೇಳಿ ಹೊರಡಿ.

ಒಂದು ವರ್ಷ ದಾಟಿದ್ದರೆ: ಹಿಂದೆ ಒಂದನೇ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವಹಿಸಿದೆ. ಇಲ್ಲಿ ಕ್ರಮ ಮುಖ್ಯ. ಮೊದಲು ಪುರಸಭೆಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ನಮೂನೆ 10 ಪಡೆಯಬೇಕು. ಆಮೇಲೆ ಆಸ್ಪತ್ರೆ ಚೀಟಿ, ತಾಯಿ ಕಾರ್ಡ್, ಲಸಿಕೆ ಕಾರ್ಡ್, ಅಂಗನವಾಡಿ ಅಥವಾ ಶಾಲಾ ದಾಖಲೆ ಸೇರಿಸಿ ದಂಡಾಧಿಕಾರಿಗೆ ಅರ್ಜಿ. ವಿಚಾರಣೆ ಮುಗಿದು ಆದೇಶ ಬಂದ ಮೇಲೆ ಅದನ್ನು ಪುನಃ ಪುರಸಭೆಗೆ ತಂದು ನೋಂದಾಯಿಸಿ, ಪ್ರಮಾಣಪತ್ರ ತೆಗೆಯಬೇಕು. ಎಷ್ಟೋ ಮನೆಗಳಲ್ಲಿ ಆದೇಶದ ಪ್ರತಿಯನ್ನೇ ಬೀರುವಿನಲ್ಲಿ ಭದ್ರವಾಗಿಟ್ಟು, ಪಾಸ್‌ಪೋರ್ಟ್ ಸಮಯಕ್ಕೆ ತೆಗೆದು ನೋಡುತ್ತಾರೆ. ಆದೇಶ ನೋಂದಣಿಗೆ ಅನುಮತಿಯಷ್ಟೇ, ನೋಂದಣಿಯಲ್ಲ.

ಮರಣದ ವಿಷಯದಲ್ಲಿ ಒಂದು ಮಾತು. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬರೆಯುವಂತಿಲ್ಲ, ಕಾಯ್ದೆಯೇ ತಡೆದಿದೆ. ವಿಮಾ ಕಂಪನಿ ಕಾರಣ ಕೇಳಿದರೆ ಪುರಸಭೆಯ ಜೊತೆ ವಾದಿಸಿ ಫಲವಿಲ್ಲ. ಚಿಕಿತ್ಸೆ ಕೊಟ್ಟ ಆಸ್ಪತ್ರೆ ತುಂಬಿದ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದ ಪ್ರತಿ ಕೇಳಿ. ಹತ್ತಿರದ ಸಂಬಂಧಿಗೆ ಅದನ್ನು ಕೊಡಬೇಕು. ಮನೆಯಲ್ಲಿ ತೀರಿಕೊಂಡಿದ್ದರೆ ಸ್ಮಶಾನದ ರಸೀದಿಯನ್ನು ಅಂದೇ ಪಡೆದಿಟ್ಟುಕೊಳ್ಳಿ. ಆ ದಿನದ ಗಲಾಟೆಯಲ್ಲಿ ಯಾರಿಗೂ ನೆನಪಿರುವುದಿಲ್ಲ, ಆಮೇಲೆ ಮೊದಲು ಕೇಳುವುದು ಅದನ್ನೇ.

ಹಂತ 5: ಮಗುವಿನ ಹೆಸರು ಸೇರಿಸುವುದು, ತಪ್ಪು ತಿದ್ದಿಸುವುದು

ನಾಮಕರಣಕ್ಕೆ ಮೊದಲೇ ನೋಂದಣಿ ಆಗುವುದರಿಂದ ಹೆಸರಿನ ಜಾಗ ಖಾಲಿ ಉಳಿಯುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅಲ್ಲಿಂದ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅರ್ಜಿ, ಹಳೆಯ ಪ್ರಮಾಣಪತ್ರ, ಇಬ್ಬರ ಆಧಾರ್ ಪ್ರತಿ ಒಯ್ಯಿರಿ. ಹೆಸರಿನ ಕನ್ನಡ, ಇಂಗ್ಲಿಷ್ ಎರಡೂ ರೂಪವನ್ನು ದೊಡ್ಡ ಅಕ್ಷರದಲ್ಲಿ ನೀವೇ ಬರೆದುಕೊಡಿ. ಇನಿಷಿಯಲ್ ಹಾಕಿಸುತ್ತೀರೋ ಬಿಡುತ್ತೀರೋ ಮನೆಯಲ್ಲೇ ತೀರ್ಮಾನಿಸಿ ಹೋಗಿ, ಕೌಂಟರಿನ ಮುಂದೆ ಚರ್ಚೆ ಬೇಡ. ಹೊರದೇಶಕ್ಕೆ ಹೋಗುವ ಸಾಧ್ಯತೆ ಇದ್ದರೆ ಇನಿಷಿಯಲ್‌ಗಿಂತ ಪೂರ್ಣ ಹೆಸರು ಒಳ್ಳೆಯದು.

ತಪ್ಪು ತಿದ್ದುವುದು 1969ರ ಕಾಯ್ದೆಯ 15ನೇ ಕಲಂ ಪ್ರಕಾರ. ಕಾಗುಣಿತದಂಥ ಬರವಣಿಗೆ ತಪ್ಪಾದರೆ ನೋಂದಣಾಧಿಕಾರಿ ಪರಿಶೀಲಿಸಿ ಸರಿಪಡಿಸುತ್ತಾರೆ. ದಿನಾಂಕ, ತಂದೆಯ ಹೆಸರು ಇಂಥ ಮೂಲ ವಿಷಯವೇ ತಪ್ಪಿದ್ದರೆ ಸಂಗತಿ ಗೊತ್ತಿರುವ ಇಬ್ಬರು ನಂಬಲರ್ಹ ವ್ಯಕ್ತಿಗಳ ಘೋಷಣೆ ಬೇಕು. ಎರಡರಲ್ಲೂ ಮೂಲ ನಮೂದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಷರಾ ಬರೆಯುತ್ತಾರೆ. ಇಟ್ಟ ಹೆಸರು ಈಗ ಹಿಡಿಸಲಿಲ್ಲ, ಸಂಖ್ಯಾಶಾಸ್ತ್ರದವರು ಒಂದಕ್ಷರ ಸೇರಿಸಿ ಎಂದರು ಎಂಬುದಕ್ಕೆ ಈ ಕಲಂ ಇಲ್ಲ. ಇದು ತಪ್ಪನ್ನು ಸರಿಪಡಿಸಲು ಮಾತ್ರ.

ಅರ್ಜಿ ಚಿಕ್ಕದಾಗಿರಲಿ. ಮಾದರಿ:

ಇವರಿಗೆ,
ಜನನ ಮತ್ತು ಮರಣ ನೋಂದಣಾಧಿಕಾರಿಗಳು,
ಪುರಸಭೆ ಕಾರ್ಯಾಲಯ, ________
ಮಾನ್ಯರೇ,
ವಿಷಯ: ಜನನ ನೋಂದಣಿ ಸಂಖ್ಯೆ ________, ನೋಂದಣಿ ದಿನಾಂಕ ________ ರಲ್ಲಿ ತಾಯಿಯ ಹೆಸರು ತಿದ್ದುಪಡಿ ಬಗ್ಗೆ.
ಮೇಲಿನ ನೋಂದಣಿಯಲ್ಲಿ ತಾಯಿಯ ಹೆಸರು ‘________’ ಎಂದು ದಾಖಲಾಗಿದೆ. ಸರಿಯಾದ ಹೆಸರು ‘________’. ಇದಕ್ಕೆ ಆಧಾರವಾಗಿ ಈ ಕೆಳಗಿನ ದಾಖಲೆಗಳನ್ನು ಲಗತ್ತಿಸಿದ್ದೇನೆ. 1969ರ ಕಾಯ್ದೆಯ ಕಲಂ 15ರಂತೆ ತಿದ್ದುಪಡಿ ಮಾಡಿ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ.
ಲಗತ್ತುಗಳು: 1) 2) 3)
ಸ್ಥಳ, ದಿನಾಂಕ, ಸಹಿ, ಮೊಬೈಲ್ ಸಂಖ್ಯೆ

ಲಗತ್ತಿಸುವ ದಾಖಲೆಗಳಲ್ಲಿ ಒಂದಾದರೂ ಮಗು ಹುಟ್ಟುವುದಕ್ಕೆ ಮೊದಲಿನದಿರಲಿ. ತಾಯಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ನಿನ್ನೆ ಮೊನ್ನೆ ತಿದ್ದಿಸಿದ ಆಧಾರ್‌ಗಿಂತ ತೂಕ ಹೆಚ್ಚು.

ಹಂತ 6: ಹಳೆಯ ದಾಖಲೆ ಹುಡುಕಿಸುವುದು

ಕಂಪ್ಯೂಟರಿಗೆ ಏರದ ಹಳೆಯ ವರ್ಷಗಳ ದಾಖಲೆ ಕೈಬರಹದ ವಹಿಗಳಲ್ಲಿರುತ್ತದೆ. 17ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ವಹಿಯಲ್ಲಿ ಹುಡುಕಾಟ ಮಾಡಿಸಬಹುದು. ಅರ್ಜಿಯಲ್ಲಿ ‘1974ರಲ್ಲಿ’ ಎಂದಷ್ಟೇ ಬರೆದರೆ ಇಡೀ ವಹಿ ತಿರುವಿ ಹಾಕಬೇಕು, ಯಾರೂ ಹಾಕುವುದಿಲ್ಲ. ತಿಂಗಳು, ಆಸ್ಪತ್ರೆ ಅಥವಾ ಬೀದಿ, ತಂದೆಯ ಹೆಸರು ಮತ್ತು ಕಸುಬು, ಎಷ್ಟನೆಯ ಮಗು ಇಷ್ಟನ್ನು ಕೊಡಿ. ಹಳೆಯ ವಹಿಯಲ್ಲಿ ಮಗುವಿನ ಹೆಸರು ಇರುವುದೇ ಅಪರೂಪ. ‘ಗಂಡು’, ‘ಹೆಣ್ಣು’ ಎಂದಷ್ಟೇ ಇರುತ್ತದೆ. ಆದ್ದರಿಂದ ತಂದೆಯ ಹೆಸರಿನಿಂದ ಹುಡುಕಿಸಿ. ವರದಿಯಾದ ದಿನವೂ ಹುಟ್ಟಿದ ದಿನವೂ ಬೇರೆ ತಿಂಗಳಿಗೆ ಬಿದ್ದಿರಬಹುದು, ಹಾಗಾಗಿ ಮುಂದಿನ ತಿಂಗಳ ಪುಟಗಳನ್ನೂ ನೋಡಲು ಹೇಳಿ. ಜನವರಿಯ ವಹಿಯಲ್ಲಿ ಡಿಸೆಂಬರಿನ ಮಗು ಸಿಗುವುದುಂಟು.

ಸಿಗದಿದ್ದರೆ ಬರಿಗೈಯಲ್ಲಿ ಬರಬೇಡಿ, ನಮೂನೆ 10 ಕೇಳಿ. ಅಮೆರಿಕದ ವಲಸೆ ಪ್ರಕ್ರಿಯೆಯಲ್ಲಿರುವ ಕನ್ನಡಿಗರಿಗೆ ಇದು ಮೇಲಿಂದ ಮೇಲೆ ಬೇಕಾಗುತ್ತದೆ: ಜನನ ಪತ್ರವಿಲ್ಲದಿದ್ದರೆ ಲಭ್ಯವಿಲ್ಲದ ಪ್ರಮಾಣಪತ್ರ, ಜೊತೆಗೆ ಶಾಲಾ ದಾಖಲೆ, ಹಿರಿಯರ ಅಫಿಡವಿಟ್ ಕೊಡಬೇಕು. ಊರಿನಲ್ಲಿರುವ ಸಂಬಂಧಿಕರ ಮೂಲಕ ಮಾಡಿಸುವುದಾದರೆ ಸಹಿ ಮಾಡಿದ ಅಧಿಕಾರ ಪತ್ರ, ಪಾಸ್‌ಪೋರ್ಟ್ ಪ್ರತಿ ಕಳಿಸಿ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವೇ ನಮೂನೆ 10ರಲ್ಲೂ ಇರಬೇಕು. ಯಾವ ಪ್ರಮಾಣಪತ್ರವನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಅಪಾಸ್ಟಿಲ್‌ಗೆ (ಹೊರದೇಶದಲ್ಲಿ ಮಾನ್ಯವಾಗಲು ಹಾಕಿಸುವ ದೃಢೀಕರಣ) ಕೊಡುವಾಗ ತೊಂದರೆಯಾಗುತ್ತದೆ.

ಹೊಸ ಪ್ರಮಾಣಪತ್ರದ ಕ್ಯೂಆರ್ ಕೋಡನ್ನು ಅಲ್ಲೇ ನಿಂತು ಸ್ಕ್ಯಾನ್ ಮಾಡಿ ನೋಡಿ. ಸರ್ಕಾರಿ ಜಾಲತಾಣವನ್ನೇ ಹೋಲುವ, ವಿಳಾಸದಲ್ಲಿ ಒಂದೆರಡು ಅಕ್ಷರ ಮಾತ್ರ ವ್ಯತ್ಯಾಸವಿರುವ ನಕಲಿ ತಾಣಗಳಿವೆ. ಹುಡುಕಾಟವಿಲ್ಲದೆ, ಊರು ಕೇಳದೆ, ಒಂದು ಗಂಟೆಯಲ್ಲಿ ಪತ್ರ ಕೊಡುವವರು ಕೊಡುವುದು ಅಂಥದ್ದನ್ನೇ.

ಹಂತ 7: ತೆರಿಗೆ, ಆಮೇಲೆ ಖಾತಾ

ತೆರಿಗೆ ಬಾಕಿ ಇಟ್ಟುಕೊಂಡು ಕಂದಾಯ ಶಾಖೆಯಲ್ಲಿ ಏನನ್ನೂ ಕೇಳಬೇಡಿ. ಸ್ವಯಂ ಘೋಷಿತ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ದಂಡವಿಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ ಸೇರುತ್ತದೆ. ಹಳೆಯ ರಸೀದಿಗಳಿದ್ದೂ ಬಾಕಿ ತೋರಿಸುತ್ತಿದ್ದರೆ ಅವುಗಳ ಪ್ರತಿಯೊಂದಿಗೆ ಲಿಖಿತ ಅರ್ಜಿ ಕೊಟ್ಟು ಸರಿಪಡಿಸಿಕೊಂಡೇ ಮುಂದುವರಿಯಿರಿ.

ಖಾತಾ ಎಂದರೆ ತೆರಿಗೆ ವಹಿಯಲ್ಲಿನ ನಮೂದು. ಅದು ಹಕ್ಕುಪತ್ರವಲ್ಲ, ಹಕ್ಕು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳಿಂದ ಬರುತ್ತದೆ. ಆದರೆ ಇ-ಆಸ್ತಿ ತಂತ್ರಾಂಶದ ಇ-ಖಾತಾ ಇಲ್ಲದೆ ಈಗ ಪಟ್ಟಣದ ಆಸ್ತಿಯ ನೋಂದಣಿ ಮುಂದೆ ಹೋಗುವುದಿಲ್ಲ, ಬ್ಯಾಂಕ್ ಸಾಲವೂ ಕಷ್ಟ. ಬೇಕಾದವು: ನೋಂದಾಯಿತ ಪತ್ರ, ಋಣಭಾರ ಪತ್ರ, ಚಾಲ್ತಿ ವರ್ಷದ ತೆರಿಗೆ ರಸೀದಿ, ಭೂ ಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ವಿದ್ಯುತ್ ಬಿಲ್, ಮಾಲೀಕರ ಮತ್ತು ಆಸ್ತಿಯ ಫೋಟೋ, ಗುರುತಿನ ಚೀಟಿ.

ಫೈಲು ನಿಲ್ಲುವುದು ಸಾಮಾನ್ಯವಾಗಿ ಅಳತೆಯಲ್ಲಿ, ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರ). ಪತ್ರದಲ್ಲಿ 30 ಅಡಿಗೆ 40 ಅಡಿ, ಜಾಗದಲ್ಲಿ 28ಕ್ಕೆ 40 ಇದ್ದರೆ ಸ್ಥಳ ಪರಿಶೀಲನೆಯಲ್ಲಿ ಗೊತ್ತಾಗಿಯೇ ಆಗುತ್ತದೆ. ಅರ್ಜಿಗೆ ಮೊದಲೇ ಟೇಪು ಹಿಡಿದು ಅಳೆದುಕೊಳ್ಳಿ. ಪೂರ್ವಕ್ಕೆ ‘ರಾಮಣ್ಣನ ಮನೆ’ ಎಂದಿದ್ದು ಆ ಮನೆ ಕೈ ಬದಲಾಗಿದ್ದರೆ ಈಗಿನ ಮಾಲೀಕರ ಹೆಸರನ್ನೂ ಅರ್ಜಿಯಲ್ಲಿ ತಿಳಿಸಿ. ಕರಡು ಖಾತಾ ತೋರಿಸಿದಾಗ ಆಸ್ತಿ ಸಂಖ್ಯೆ, ಅಳತೆ, ನಾಲ್ಕು ದಿಕ್ಕು, ಬಳಕೆ ಇಷ್ಟನ್ನೂ ಬೆರಳಿಟ್ಟು ಓದಿ. ಡಿಜಿಟಲ್ ಸಹಿ ಬಿದ್ದ ಮೇಲೆ ತಿದ್ದಿಸಲು ಮೊದಲಿಂದ ಅರ್ಜಿ ಹಾಕಬೇಕಾಗುತ್ತದೆ.

ಮಾಲೀಕರು ತೀರಿಕೊಂಡಿದ್ದರೆ ಕ್ರಮ ಹೀಗೆ: ಮರಣ ಪ್ರಮಾಣಪತ್ರ, ಅದರ ಮೇಲೆ ನಾಡಕಚೇರಿಯ ವಂಶವೃಕ್ಷ, ಆಮೇಲೆ ಎಲ್ಲ ವಾರಸುದಾರರ ಒಪ್ಪಿಗೆಯೊಂದಿಗೆ ಪೌತಿ ಖಾತಾ ಅರ್ಜಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಬಿಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ಸಲಹೆ ಕೊಡುವವರಿರುತ್ತಾರೆ. ಅದು ಸುಳ್ಳು ದಾಖಲೆ, ಒಂದು ತಕರಾರು ಅರ್ಜಿ ಬಂದರೆ ಖಾತಾ ಬಿದ್ದುಹೋಗುತ್ತದೆ.

ಹಂತ 8: ಉದ್ದಿಮೆ ಪರವಾನಗಿ

ಅಂಗಡಿ ಬಾಡಿಗೆಗೆ ಹಿಡಿಯುವ ಮುನ್ನ ಮಾಲೀಕರ ಖಾತಾ ಪ್ರತಿ, ತೆರಿಗೆ ರಸೀದಿ ನೋಡಿ. ಖಾತಾದಲ್ಲಿ ‘ವಾಸದ ಮನೆ’ ಎಂದಿದ್ದರೆ, ತೆರಿಗೆ ಬಾಕಿಯಿದ್ದರೆ ನಿಮ್ಮ ಅರ್ಜಿ ನಿಲ್ಲುವುದು ಅವರ ತಪ್ಪಿಗೆ. ಮುಂಗಡ ಕೊಟ್ಟ ಮೇಲೆ ಮಾಲೀಕರು ಓಡಾಡುವುದಿಲ್ಲ.

ಅರ್ಜಿಗೆ ಖಾತಾ, ತೆರಿಗೆ ರಸೀದಿ, ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಗುರುತಿನ ಚೀಟಿ, ಫೋಟೋ ಸೇರಿಸಿ. ಮೋಟಾರು ಇರುವ ಉದ್ದಿಮೆಯಾದರೆ, ಉದಾಹರಣೆಗೆ ಹಿಟ್ಟಿನ ಗಿರಣಿ, ಅಶ್ವಶಕ್ತಿಯನ್ನು ಮೋಟಾರಿನ ಫಲಕದಲ್ಲಿ ಇದ್ದಂತೆಯೇ ಬರೆಯಿರಿ. ಶುಲ್ಕ ಅದರ ಮೇಲೆ ಹೋಗುತ್ತದೆ, ಪರಿಶೀಲನೆಗೆ ಬಂದವರು ಮೊದಲು ನೋಡುವುದೂ ಅದನ್ನೇ. ಹೊಗೆ, ಸದ್ದು, ತ್ಯಾಜ್ಯ ನೀರು ಇರುವ ಉದ್ದಿಮೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕಾಗಬಹುದು. ಅದು ತಡವಾಗುವುದರಿಂದ ಅದಕ್ಕೇ ಮೊದಲು ಅರ್ಜಿ ಹಾಕಿ.

ಉದ್ದಿಮೆಯ ಸ್ವರೂಪವನ್ನು ಪೂರ್ತಿ ಬರೆಯಿರಿ. ‘ಬೇಕರಿ’ ಎಂದು ಪಡೆದು ಒಳಗೆ ಊಟವನ್ನೂ ಬಡಿಸಿದರೆ ಪರವಾನಗಿ ಇದ್ದೂ ಇಲ್ಲದಂತೆ. ನಾಮಫಲಕ ಬರೆಸುವ ಮೊದಲು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ನೆನಪಿರಲಿ: ಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು.

ಪರವಾನಗಿ ಸಾಮಾನ್ಯವಾಗಿ ಹಣಕಾಸು ವರ್ಷಕ್ಕೆ ಸೀಮಿತ. ಜನವರಿಯಲ್ಲಿ ಪಡೆದರೂ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪತ್ರದ ಮೇಲಿನ ಕೊನೆಯ ದಿನಾಂಕ ನೋಡಿ, ಒಂದು ತಿಂಗಳು ಮೊದಲೇ ನವೀಕರಣಕ್ಕೆ ಕೊಡಿ.

ಹಂತ 9: ಫೈಲು ನಿಂತರೆ

ಮೊದಲು ಯಾವ ಮೇಜಿನಲ್ಲಿ ನಿಂತಿದೆ, ಯಾವ ಷರಾ ಬಿದ್ದಿದೆ ಎಂದು ಕೇಳಿ. ದಾಖಲೆ ಕೊರತೆ ಎಂದರೆ ಅದನ್ನು ಹಿಂಬರಹದಲ್ಲಿ (ಕಚೇರಿ ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರ) ಬರೆದುಕೊಡಲು ಹೇಳಿ. ಬಾಯಲ್ಲಿ ದಿನಕ್ಕೊಂದು ಕೊರತೆ ಹೇಳಬಹುದು, ಬರಹದಲ್ಲಿ ಹೇಳುವುದು ಕಷ್ಟ.

ಸಕಾಲ ಅವಧಿ ಮೀರಿದರೆ ಜಿಎಸ್‌ಸಿ ಸಂಖ್ಯೆ ಹಿಡಿದು ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಿ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಲು ಅವಕಾಶವಿದೆ. ಹಣ ದೊಡ್ಡದಲ್ಲ, ಆದರೆ ಅದು ತಡ ಮಾಡಿದವರ ಸಂಬಳದಿಂದ ವಸೂಲಾಗುವಂಥದ್ದು.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ನನ್ನ ಅರ್ಜಿ ಏಕೆ ತಡವಾಯಿತು’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ‘ಆವಕ ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದರ ಅರ್ಜಿಯ ಕಡತದಲ್ಲಿರುವ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ’ ಎಂದು ಬರೆಯಿರಿ. ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದು ಆ ಹಾಳೆಗಳಲ್ಲೇ ಸಹಿ, ದಿನಾಂಕ ಸಮೇತ ಇರುತ್ತದೆ.